ಸ್ಯಾಂಪಲ್ ನಂಬರ್ ನಾಲ್ಕು

ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಏನನ್ನಾದರೂ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದು ಅಪಾಯ. ಪಕ್ಕದ ಮನೆಯ ಈಶ್ವರಣ್ಣ ಕೇಳಿಸಿಕೊಂಡರೆ ಕನ್ನಡಕ ಹಾಕಿಕೊಂಡು ಬಂದು, ಎಷ್ಟು ಚೆನ್ನ, ಯಾವುದರಲ್ಲಿ ಚೆನ್ನ, ಮೊದಲು ಅದನ್ನು ಹೇಳು ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಾನೆ. ಸಂಡೂರಿನ ಗಣಿಯೊಂದರ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ಅದಿರು ಪರೀಕ್ಷೆ ಮಾಡಿ ನಿವೃತ್ತನಾದ ಮನುಷ್ಯ. ಗುಡ್ಡದಿಂದ ಇಳಿದು ಬಂದ ಕೆಂಪು ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಒಣಗಿಸಿ, ಇದರಲ್ಲಿ ಕಬ್ಬಿಣ ಇಷ್ಟು, ಮರಳು ಇಷ್ಟು, ತೇವಾಂಶ ಇಷ್ಟು ಎಂದು ಬರೆದು ಸಹಿ ಹಾಕುವುದು ಅವನ ಕೆಲಸವಾಗಿತ್ತು. ಕೆಲಸ ಬಿಟ್ಟು ಆರು ವರ್ಷವಾದರೂ ಚಟ ಬಿಟ್ಟಿಲ್ಲ. ನಮ್ಮ ಮನೆಯ ಉಪ್ಪಿಟ್ಟಿಗೂ ಒಮ್ಮೆ ವರದಿ ಕೊಟ್ಟಿದ್ದಾನೆ. ಗುಣ: ರವೆ ಹದವಾಗಿ ಹುರಿದಿದೆ. ದೋಷ: ಮೆಣಸಿನಕಾಯಿ ಸಮನಾಗಿ ಹರಡಿಲ್ಲ. ತೇವಾಂಶ: ಹೆಚ್ಚು. ನನ್ನ ಹೆಂಡತಿ ಹೇಮಾ ಆ ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗೆ ಜೋಪಾನವಾಗಿ ಇಟ್ಟಿದ್ದಾಳೆ. ಯಾವತ್ತು ಹೊರಗೆ ತೆಗೆಯುತ್ತಾಳೋ ಗೊತ್ತಿಲ್ಲ.

ಅವನ ವರದಿಯಲ್ಲಿ ಎಂದೂ ಹೆಸರು ಇರುವುದಿಲ್ಲ. ಲ್ಯಾಬಿನ ಪದ್ಧತಿ ಅದು. ಯಾರ ಮಾಲು ಎಂದು ತಿಳಿದರೆ ಬರೆಯುವ ಕೈ ಅತ್ತ ವಾಲುತ್ತದೆ, ಆದ್ದರಿಂದ ಬರೀ ನಂಬರು. ಈ ನಿಷ್ಪಕ್ಷಪಾತದ ಕೀರ್ತಿ ಎಷ್ಟು ಹಬ್ಬಿತ್ತೆಂದರೆ, ಅವನ ಬಳಗದಲ್ಲಿ ಹೆಣ್ಣಿಗೆ ಗಂಡು ಗೊತ್ತು ಮಾಡುವ ಮುಂಚೆ ಹುಡುಗ ಎಂಥವನು ಎಂಬ ವಿಚಾರಣೆಯನ್ನು ಅವನಿಗೇ ಒಪ್ಪಿಸುತ್ತಿದ್ದರು.

ಕಂಪ್ಲಿಯಲ್ಲಿ ಅವನ ಅಕ್ಕ ಮುದುಕಮ್ಮ ಇದ್ದಾಳೆ. ಎಂಬತ್ತರ ಹತ್ತಿರ. ತಾಯಿ ತೀರಿಕೊಂಡಾಗ ಈಶ್ವರಣ್ಣನಿಗೆ ನಾಲ್ಕು ವರ್ಷ. ಮದುವೆಯಾಗಿ ಕಂಪ್ಲಿಗೆ ಹೋಗುವಾಗ ತಮ್ಮನನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ಸಾಕಿದವಳು ಆಕೆ. ಈಗ ಆಕೆಯ ಮೊಮ್ಮಗಳು ಶೈಲಜಾಳ ಮದುವೆಯಾಗಬೇಕು. ಹುಡುಗಿ ಅಲ್ಲಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತಾಳೆ. ಮೂರು ಹುಡುಗರು ಬಂದರು, ಮೂವರನ್ನೂ ಈಶ್ವರಣ್ಣನ ನಾಲ್ಕು ಸಾಲಿನ ವರದಿ ವಾಪಸು ಕಳಿಸಿತು. ನಾಲ್ಕನೆಯವನು ನಮ್ಮದೇ ಚಿತ್ತವಾಡ್ಗಿಯಲ್ಲಿ, ಎರಡು ಓಣಿ ಆಚೆ ತಾಯಿಯ ಜೊತೆ ಬಾಡಿಗೆಗಿದ್ದ ಮಾಲತೇಶ್. ಈ ಮದುವೆಯನ್ನು ಕಣ್ಣಾರೆ ನೋಡಿ ಹೋಗುತ್ತೇನೆ, ತಮ್ಮ ಹೂಂ ಎಂದರೆ ನಾನೂ ಹೂಂ ಎಂದು ಮುದುಕಮ್ಮ ಹೇಳಿ ಕಳಿಸಿದ್ದಳು.

ಈಶ್ವರಣ್ಣನಿಗೆ ಇನ್ನೊಂದು ಹುಚ್ಚು ಇತ್ತು. ಅವನು ಅದನ್ನು ಗುಟ್ಟು ಎಂದುಕೊಂಡಿದ್ದ, ಓಣಿಗೆಲ್ಲ ಗೊತ್ತಿತ್ತು. ಅದೊಂದು ಕಾರ್ಟೂನ್ ಧಾರಾವಾಹಿ, ಹೆಸರು ‘ಏಳು ಬಂಡೆಯ ವೀರ’. ಮಕ್ಕಳದ್ದಲ್ಲ. ರಕ್ತ, ಬೈಗುಳ ಎರಡೂ ಧಾರಾಳ, ದೊಡ್ಡವರಿಗೆ ಮಾತ್ರ ಎಂದು ಶುರುವಿನಲ್ಲೇ ಬರೆದು ತೋರಿಸುತ್ತಾರೆ. ಯಾವುದೋ ದೇಶದಲ್ಲಿ ಮಾಡಿದ್ದಕ್ಕೆ ಕನ್ನಡದ ಮಾತು ಕೂಡಿಸಿದ್ದಾರೆ. ವರ್ಷಕ್ಕೊಂದು ಸೀಸನ್, ಸೀಸನ್ನಿಗೆ ಎಂಟು ಕಂತು. ಸಂಜೆ ಆರಾದರೆ ಈಶ್ವರಣ್ಣ ಬಾಗಿಲು ಮುಂದೆ ಮಾಡಿಕೊಂಡು ಟಿವಿ ಮುಂದೆ ಕೂತುಬಿಡುತ್ತಿದ್ದ. ಆಮೇಲೆ ಅದಕ್ಕೂ ವರದಿ ಬರೆಯುತ್ತಿದ್ದ.

ಅರವತ್ತಾರರ ಮನುಷ್ಯನಿಗೆ ಕಾರ್ಟೂನ್ ಯಾಕೆ ಎಂದು ಒಂದು ದಿನ ಕೇಳಿದೆ. ಅವನು ಹುಡುಗನಾಗಿದ್ದಾಗ ಕಂಪ್ಲಿ ಕೋಟೆಯ ಬಯಲಿಗೆ ತೊಗಲುಬೊಂಬೆಯವರು ಬರುತ್ತಿದ್ದರಂತೆ. ಅಕ್ಕ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು, ಒಂದು ಕಡೆ ತಮ್ಮನನ್ನು, ಇನ್ನೊಂದು ಕಡೆ ಪಕ್ಕದ ಮನೆಯ ಮರಿಸ್ವಾಮಿಯನ್ನು ಕೂರಿಸಿಕೊಳ್ಳುತ್ತಿದ್ದಳು. ಪರದೆಯ ಮೇಲೆ ಗದೆ ಹಿಡಿದ ವೀರ ಬಿದ್ದಾಗ ಈಶ್ವರಣ್ಣ ಅತ್ತದ್ದು ನಿಲ್ಲಲೇ ಇಲ್ಲ. ಅಕ್ಕ ಅವನನ್ನು ಎತ್ತಿಕೊಂಡು ಪರದೆಯ ಹಿಂದಕ್ಕೆ ಹೋಗಿ, ಬುಟ್ಟಿಯಲ್ಲಿ ವೀರನೂ ರಾಕ್ಷಸನೂ ಒಬ್ಬರ ಮೇಲೊಬ್ಬರು ಮಲಗಿದ್ದನ್ನು ತೋರಿಸಿದಳು. ಜಗಳ ಮುಗಿದಿದೆ, ಇಬ್ಬರೂ ನಿದ್ದೆ ಮಾಡುತ್ತಿದ್ದಾರೆ, ನೀನೂ ಮಲಗು ಎಂದಳು. ಆ ಬಯಲಿನಲ್ಲಿ ಈಗ ಮನೆಗಳಾಗಿವೆ, ಬೊಂಬೆಯವರು ಬರುವುದು ನಿಂತು ಎಷ್ಟೋ ವರ್ಷವಾಯಿತು. ಇದನ್ನು ಹೇಳುವಾಗ ಈಶ್ವರಣ್ಣನ ದನಿ ಮೆತ್ತಗಾಗಿತ್ತು. ನನಗೆ ಅವನ ಮೇಲೆ ನಿಜವಾಗಿ ಪ್ರೀತಿ ಬಂದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು.

ಆ ಮರಿಸ್ವಾಮಿ ಈಗ ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಮಾಲೀಕ. ಅವನೂ ಈ ಧಾರಾವಾಹಿಯ ಭಕ್ತನೇ. ಆದರೆ ಸ್ಯಾಂಪಲ್ ನೋಡದೆ ಚೀಲ ಬಿಚ್ಚಿ ಅಭ್ಯಾಸವಿಲ್ಲ. ಈಶ್ವರಣ್ಣನ ವರದಿ ಕೈಗೆ ಬರುವವರೆಗೆ ಒಂದು ಕಂತನ್ನೂ ನೋಡುತ್ತಿರಲಿಲ್ಲ.

ಹೀಗೆ ಒಂದೇ ವಾರದಲ್ಲಿ ಎರಡು ವರದಿ ತಯಾರಾದವು. ಒಂದು ಅಕ್ಕನಿಗೆ, ಹುಡುಗನದು. ಇನ್ನೊಂದು ಮರಿಸ್ವಾಮಿಗೆ, ಸೀಸನ್ನಿನದು. ಶಾಯಿಯ ಸಹಿ ಇಲ್ಲದ್ದು ವರದಿಯೇ ಅಲ್ಲ ಎಂಬುದು ಅವನ ನಂಬಿಕೆ, ಆದ್ದರಿಂದ ಫೋನಿನಲ್ಲಿ ಕಳಿಸುವ ಮಾತೇ ಇಲ್ಲ. ಎರಡನ್ನೂ ಖಾಕಿ ಲಕೋಟೆಗೆ ಹಾಕಿ, ಅಂಟು ಹಚ್ಚಿ, ಒಣಗಲೆಂದು ಕಿಟಕಿಯಲ್ಲಿಟ್ಟು ಚಹಾ ಕುಡಿದ. ಚಹಾ ಮುಗಿಸಿ ವಿಳಾಸ ಬರೆಯಲು ಕೂತಾಗ, ಯಾವುದರೊಳಗೆ ಯಾವುದು ಎಂದು ತಿಳಿಯಲು ಲಕೋಟೆಯ ಮೇಲೆ ಒಂದೇ ಗುರುತು ಇತ್ತು. ಅದು ಸ್ಯಾಂಪಲ್ ನಂಬರು. ಹುಡುಗ ನಾಲ್ಕನೆಯವನು. ಸೀಸನ್ನೂ ನಾಲ್ಕನೆಯದು. ಈಶ್ವರಣ್ಣ ಸ್ವಲ್ಪವೂ ಅನುಮಾನಪಡದೆ ಎರಡು ವಿಳಾಸ ಬರೆದು ಕಂಪ್ಲಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಬಂದ.

ಮುಂದಿನದನ್ನು ಅಲ್ಲಿದ್ದವರು ಹೇಳಿದ ಪ್ರಕಾರ ಬರೆಯುತ್ತಿದ್ದೇನೆ. ಮುದುಕಮ್ಮನಿಗೆ ಓದಲು ಬರುವುದಿಲ್ಲ. ಶೈಲಜಾ ಎಲ್ಲರ ಮುಂದೆ ಲಕೋಟೆ ಒಡೆದು ಓದಿದಳು.

“ಸ್ಯಾಂಪಲ್ ನಂ. 4. ಎಂಟು ಸಂಜೆ ನೋಡಿ ಬರೆದದ್ದು.

ಗುಣ: ತೋಳಿನ ಬಲ ಇದ್ದ ಹಾಗೇ ಇದೆ. ಯಾರಾದರೂ ಕೂಗಿದರೆ ತಡಮಾಡುವುದಿಲ್ಲ. ನದಿಗೆ ಬಿದ್ದ ಬಸ್ಸನ್ನು ಒಬ್ಬನೇ ಎತ್ತಿದ್ದು ಅಚ್ಚುಕಟ್ಟಾಗಿದೆ. ಸುಳ್ಳು ಹೇಳಲು ಹೋದರೆ ಕಿವಿ ಕೆಂಪಾಗುತ್ತದೆ.

ದೋಷ: ಕಾಪಾಡಲು ಹೋದ ಮನೆಯನ್ನೇ ಕೆಡವುತ್ತಾನೆ. ಬೈಗುಳ ಅಗತ್ಯಕ್ಕಿಂತ ಹೆಚ್ಚು. ಒಮ್ಮೆ ಸತ್ತು ಬದುಕಿದ್ದಾನೆ, ಕಾರಣ ಸರಿಯಾಗಿ ತಿಳಿಸಿಲ್ಲ. ನಡುವಿನ ಮೂರು ಸಂಜೆ ಬರೀ ಮಾತು. ಎಲ್ಲಕ್ಕಿಂತ ದೊಡ್ಡ ದೋಷ ಇದು: ಮೊದಲೆಲ್ಲ ಎಷ್ಟೇ ಬಡಿದಾಡಿದರೂ ಮನೆಗೆ ಬಂದು ತಾಯಿಯ ಮುಂದೆ ಕೂತು ಉಣ್ಣುತ್ತಿದ್ದ. ಈ ಸಲ ಒಂದು ದಿನವೂ ಉಣ್ಣಲಿಲ್ಲ. ಅದೊಂದಕ್ಕಾಗಿ ಎಂಟು ಸಂಜೆ ಕಾದು ಕೂತಿದ್ದೆ.

ತೇವಾಂಶ: ಕಡಿಮೆ. ಮೊದಲು ನೋಡುವಾಗ ಕಣ್ಣು ಒದ್ದೆಯಾಗುತ್ತಿತ್ತು.

ಷರಾ: ಇಷ್ಟಾದರೂ ಬಿಟ್ಟುಬಿಡಲು ಮನಸ್ಸು ಬರುವುದಿಲ್ಲ.”

ಮುದುಕಮ್ಮನ ಮಗ, ಶೈಲಜಾಳ ತಂದೆ ಯಲ್ಲೇಶ್ ತಾಲ್ಲೂಕು ಕಚೇರಿಯ ಗುಮಾಸ್ತ. ಕಾಗದವನ್ನು ಮಗಳ ಕೈಯಿಂದ ತೆಗೆದುಕೊಂಡು, ಒಂದೊಂದು ದೋಷಕ್ಕೂ ಪಕ್ಕದಲ್ಲಿ ಕೆಂಪು ಗೆರೆ ಎಳೆದ. ಸತ್ತು ಬದುಕಿದ್ದು ಎಂದರೆ ಯಾವುದೋ ದೊಡ್ಡ ಅಪಘಾತ, ಮುಚ್ಚಿಟ್ಟಿದ್ದಾರೆ ಎಂದ. ಅವನ ಹೆಂಡತಿಗೆ ಮನೆ ಕೆಡವುವ ಅಳಿಯ ಸುತರಾಂ ಬೇಡವಾಗಿತ್ತು. ಮುದುಕಮ್ಮ ಮಾತ್ರ ಎಲೆ ಅಡಿಕೆ ಮೆಲ್ಲುತ್ತಲೇ, ಹುಡುಗ ಆಗಬಹುದು ಎಂದುಬಿಟ್ಟಳು. ಕೂಗಿದರೆ ಓಡಿ ಬರುವ ಗಂಡಸು ಎಲ್ಲಿ ಸಿಗುತ್ತಾನೆ, ಉಣ್ಣುವುದನ್ನು ನಾವು ಕಲಿಸಿದರಾಯಿತು ಎಂಬುದು ಆಕೆಯ ವಾದ. ಶೈಲಜಾಳನ್ನು ಕೇಳಿದರೆ, ಅವಳೂ ತಲೆ ತಗ್ಗಿಸಿಕೊಂಡು, ಈ ಹುಡುಗನೇ ಆಗಲಿ ಎಂದಳು.

ತನ್ನ ತಾಯಿಗೂ ಮಗಳಿಗೂ ತಲೆ ಕೆಟ್ಟಿದೆ ಎಂದುಕೊಂಡ ಯಲ್ಲೇಶ್ ಮರುದಿನ ಯಾರಿಗೂ ಹೇಳದೆ ಹೊಸಪೇಟೆಗೆ ಬಂದ. ಮೊದಲು ಬಸ್ ನಿಲ್ದಾಣದಲ್ಲಿ, ಇತ್ತೀಚೆಗೆ ನದಿಗೆ ಬಿದ್ದ ಬಸ್ಸು ಯಾವುದು ಎಂದು ಲಿಖಿತವಾಗಿ ಕೇಳಿದ. ಅಲ್ಲಿದ್ದವರು ಗಾಬರಿಯಾಗಿ ಎಲ್ಲ ಕಡೆ ಫೋನು ಮಾಡಿ ವಿಚಾರಿಸಿದರು. ಎಲ್ಲ ಬಸ್ಸುಗಳೂ ಒಣಗಿಯೇ ಇದ್ದವು. ಆಮೇಲೆ ಚಿತ್ತವಾಡ್ಗಿಗೆ ಬಂದು, ಮಾಲತೇಶನ ಮನೆಯ ಮಾಲಕಿ ಚಂದ್ರಕಲಾಳನ್ನು ಕಂಡು, ನಿಮ್ಮ ಬಾಡಿಗೆಯವನು ಗೋಡೆ ಒಡೆಯುತ್ತಾನಂತಲ್ಲ, ನಿಜವೇ ಎಂದು ವಿಚಾರಿಸಿದ. ಚಂದ್ರಕಲಾ ಟಾರ್ಚ್ ಹಿಡಿದು ಒಳಗೆ ಹೋಗಿ ನೋಡಿದಳು. ಅಡುಗೆಮನೆಯ ಗೋಡೆಯಲ್ಲಿ ಒಂದು ಬಿರುಕು ಕಂಡಿತು. ಹತ್ತು ವರ್ಷದಿಂದ ಇದ್ದ ಬಿರುಕು ಅದು, ಆದರೆ ಆಕೆ ನೋಡಿದ್ದು ಅಂದೇ. ತಿಂಗಳು ಮುಗಿಯುವುದರೊಳಗೆ ಮನೆ ಖಾಲಿ ಮಾಡಿ ಎಂದು ಮಾಲತೇಶನ ತಾಯಿ ಪಂಪಾವತಿಗೆ ಹೇಳಿದಳು. ಚಂದ್ರಕಲಾಳ ಮನೆಗೆ ಹಾಲು ಕೊಳ್ಳಲು ಬಂದವರು ಆ ಸುದ್ದಿಯನ್ನೂ ಜೊತೆಗೆ ಒಯ್ದರು. ಎರಡು ದಿನದಲ್ಲಿ ಮಾಲತೇಶ್ ತನ್ನ ಓಣಿಯಲ್ಲಿ ನಡೆದರೆ ಜನ ಗೋಡೆಯ ಕಡೆ ನೋಡತೊಡಗಿದರು.

ಸುದ್ದಿ ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ, ಈಶ್ವರಣ್ಣನಿಗೆ ಇದು ಯಾವುದೂ ಗೊತ್ತಿಲ್ಲ. ಅವನಿಗೆ ಬಂದದ್ದು ಅಕ್ಕನ ಮನೆಯಿಂದ ಒಂದು ಕರೆ ಅಷ್ಟೇ: ನಿನ್ನ ವರದಿಯ ವಿಷಯ ಮಾತಾಡಬೇಕು, ಬಾ. ನಿಶ್ಚಿತಾರ್ಥಕ್ಕೇ ಕರೆದಿದ್ದಾರೆ ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿ, ಸಾಕ್ಷಿಗಿರಲಿ ಎಂದು ನನ್ನನ್ನೂ ಬಸ್ಸು ಹತ್ತಿಸಿದ. ಕಮಲಾಪುರ ದಾಟಿ ಹಂಪಿಯ ಬಂಡೆಗಳು ಕಂಡಾಗ, ನಮ್ಮ ವೀರನನ್ನು ಇಲ್ಲಿಗೆ ಬಿಟ್ಟರೆ ಏಳಲ್ಲ ಎಪ್ಪತ್ತು ಎತ್ತುತ್ತಿದ್ದ ಎಂದ. ಕಾಲುವೆಯ ನೀರು, ಭತ್ತದ ಗದ್ದೆ ಶುರುವಾದ ಮೇಲೆ ಕಿಟಕಿಗೆ ಮುಖವಿಟ್ಟುಕೊಂಡು ಕೂತ.

ಅಕ್ಕನ ಮನೆಯಲ್ಲಿ ಯಲ್ಲೇಶ್ ಒಂದು ಫೈಲು ಹಿಡಿದು ಕೂತಿದ್ದ. ನೀರು ಕೊಟ್ಟಾದ ಮೇಲೆ ನೇರವಾಗಿ ಕೇಳಿದ.

“ಮಾವ, ಅವ ಸತ್ತು ಬದುಕಿದ್ದು ಯಾವಾಗ?”

ಈಶ್ವರಣ್ಣನ ಮುಖ ಅರಳಿತು. ಮನೆಯವರೆಲ್ಲ ಧಾರಾವಾಹಿ ನೋಡಲು ಶುರು ಮಾಡಿದ್ದಾರೆ ಎಂದುಕೊಂಡನಂತೆ. ಎಷ್ಟು ವರ್ಷದಿಂದ ಅಕ್ಕನಿಗೆ ತೋರಿಸಬೇಕೆಂದಿದ್ದ, ಸಂಕೋಚಪಟ್ಟು ಬಾಯಿಬಿಟ್ಟಿರಲಿಲ್ಲ.

“ಮೂರನೇದರ ಕೊನಿಗೆ ಸತ್ತ, ನಾಕನೇದರಾಗ ಎದ್ದ,” ಎಂದ.

“ಹೊಡದೋರು ಯಾರು?”

“ಅವನ ಚಿಕ್ಕಪ್ಪ. ಕಬ್ಬಿಣದ ಕಂಬ ಕಿತ್ತು ಎದಿಗೆ ಚುಚ್ಚಿದ. ಭಾಳ ಚಲೋ ತೆಗದಾರ.”

ಯಲ್ಲೇಶನ ಹೆಂಡತಿ ಗೋಡೆಗೆ ಆತುಕೊಂಡು ಕೂತುಬಿಟ್ಟಳು. ಯಲ್ಲೇಶ್ ಪೊಲೀಸರು ಏನು ಮಾಡಿದರು ಎಂದು ಕೇಳಿದ. ಪೊಲೀಸರು ಅವನನ್ನು ಕಂಡರೆ ಜೀಪು ಬಿಟ್ಟು ಓಡುತ್ತಾರೆ ಎಂದು ಈಶ್ವರಣ್ಣ ಹೆಮ್ಮೆಯಿಂದ ಹೇಳಿದ. ಇಂಥವನಿಗೆ ನಮ್ಮ ಹುಡುಗಿ ಕೊಡುವುದೇ ಎಂದು ಯಲ್ಲೇಶ್ ದನಿಯೇರಿಸಿದಾಗ, ಅವನಿಗೆ ಹುಡುಗಿ ಯಾಕೆ ಎಂದು ಈಶ್ವರಣ್ಣ ತಿರುಗಿ ಕೇಳಿದ. ನನಗೆ ಎಲ್ಲೋ ಏನೋ ತಪ್ಪಿದೆ ಅನಿಸತೊಡಗಿತ್ತು, ಆದರೆ ಸಾಕ್ಷಿಗೆ ಬಂದವನು ನಡುವೆ ಬಾಯಿ ಹಾಕಬಾರದಲ್ಲ.

ಅಷ್ಟರಲ್ಲಿ ಮರಿಸ್ವಾಮಿ ಬಂದ. ಗೆಳೆಯ ಬಂದಿದ್ದಾನೆಂದು ಕೇಳಿ ಗಿರಣಿಯಿಂದ ಹಾಗೇ ಎದ್ದು ಬಂದಿದ್ದ, ಹುಬ್ಬಿನ ಮೇಲೆಲ್ಲ ತೌಡು. ಕೈಯಲ್ಲಿ ಒಂದು ಕಾಗದ. ಯಾರನ್ನೂ ಮಾತಾಡಿಸದೆ ಈಶ್ವರಣ್ಣನ ಮುಂದೆ ಕೂತ.

“ಲೇ ಈಶಾ, ಏನಾತಲೇ ನಮ್ಮ ವೀರಗ? ಕಾರ್ಖಾನಿ ಸ್ಟೋರ್ಸಿನಾಗ ಗುಮಾಸ್ತ ಆಗ್ಯಾನಂತ. ಟಿಫಿನ್ ಡಬ್ಬಿ ಹಿಡಕೊಂಡು ಹೋಗಿ ಸಂಜಿಗೆ ಮನಿಗೆ ಬರ್ತಾನಂತ. ಎತ್ತರ ಐದು ಅಡಿ ಏಳು ಇಂಚು. ಜಗಳ ಇಲ್ಲ, ಚಟ ಇಲ್ಲ, ದೋಷ ಕಂಡುಬಂದಿಲ್ಲ ಅಂತ ಬರದಿ. ಹಿಂಗಾದ್ರ ನಾವು ನೋಡೋದರ ಏನು?”

ಮೂರು ದಿನದಿಂದ ಅವನಿಗೆ ಊಟ ಸೇರಿರಲಿಲ್ಲವಂತೆ. ಅಷ್ಟು ಒಳ್ಳೆಯ ವೀರನನ್ನು ಗುಮಾಸ್ತನನ್ನಾಗಿ ಮಾಡಿದವರ ಮೇಲೆ ಕಣ್ಣಲ್ಲಿ ನೀರು ತಂದುಕೊಂಡು ಸಿಟ್ಟಾಗಿದ್ದ.

ಈಶ್ವರಣ್ಣ ಆ ಕಾಗದ ನೋಡಿದ. ಯಲ್ಲೇಶನ ಫೈಲಿನಲ್ಲಿದ್ದ ಕಾಗದ ನೋಡಿದ. ಎರಡರ ಮೇಲೂ ಇದ್ದ ನಾಲ್ಕನ್ನು ನೋಡಿದ. ಮೂವತ್ತೆರಡು ವರ್ಷದಲ್ಲಿ ಒಂದು ಲಾರಿಯ ಮಣ್ಣನ್ನು ಇನ್ನೊಂದರ ಲೆಕ್ಕಕ್ಕೆ ಹಾಕದ ಮನುಷ್ಯ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ. ವಿಷಯವನ್ನು ಎಲ್ಲರಿಗೂ ಬಿಡಿಸಿ ಹೇಳುವ ಕೆಲಸ ಸಾಕ್ಷಿಗೇ ಬಂತು. ಯಲ್ಲೇಶ್ ತಾನು ಚಿತ್ತವಾಡ್ಗಿಯಲ್ಲಿ ಮಾಡಿ ಬಂದದ್ದನ್ನು ಆಗ ಸಣ್ಣ ದನಿಯಲ್ಲಿ ಒಪ್ಪಿಕೊಂಡ.

ಶೈಲಜಾ ಒಳಗಿನಿಂದ ಬಂದು ನಿಂತಳು. ಅದು ಹುಡುಗನ ವರದಿಯಲ್ಲ ಎಂದು ಅವಳಿಗೆ ಓದುವಾಗಲೇ ಗೊತ್ತಾಗಿತ್ತಂತೆ. ಅವಳೂ ಆ ಧಾರಾವಾಹಿ ನೋಡುವವಳೇ.

“ಅಪ್ಪ ಹೊಸಪೇಟಿಗೆ ಹೋಗಿದ್ದು ನನಗ ಗೊತ್ತಿರಲಿಲ್ಲ ಅಜ್ಜ, ಅದೊಂದು ತಪ್ಪಾತು,” ಎಂದಳು. “ಮದಲಿನ ಮೂರು ಹುಡುಗ್ರ ಬಗ್ಗೆ ನೀವು ಬರದಿದ್ದು ನಾಕ್ನಾಕು ಸಾಲು. ಇದನ್ನ ಓದಿದಾಗ, ಹಿಂಗ ನೋಡಿ ಬರದ್ರ ಯಾರನ್ನಾದ್ರೂ ಒಪ್ಪಬಹುದು ಅನಿಸ್ತು, ಅದಕ್ಕ ಹೂಂ ಅಂದೆ.”

ಮುದುಕಮ್ಮ ತಮ್ಮನ ಕಡೆ ತಿರುಗಿದಳು.

“ಆ ಹುಡುಗನ್ನ ಎಷ್ಟು ಸಂಜಿ ನೋಡಿದಿ?”

“ಮೂರು,” ಎಂದ ಈಶ್ವರಣ್ಣ. ಮಾಲತೇಶನ ಮನೆಯ ಎದುರಿನ ಚಹಾ ಅಂಗಡಿಯಲ್ಲಿ ಕೂತು ನೋಡಿದ್ದ.

“ಬೊಂಬಿಗೆ ಎಂಟು ಸಂಜಿ, ನಮ್ಮ ಹುಡುಗಿ ಕೂಡ ಬಾಳುವೆ ಮಾಡೋನಿಗೆ ಮೂರು ಸಂಜಿ ಏನಪಾ? ದೋಷ ಕಂಡಿಲ್ಲ ಅಂದ್ರ ನೀ ನೋಡೇ ಇಲ್ಲ. ಹೋಗು, ಮತ್ತ ನೋಡು.”

ಅದಿರಿನ ವ್ಯಾಪಾರದಲ್ಲಿ ಇದಕ್ಕೆ ಮರುಪರೀಕ್ಷೆ ಎನ್ನುತ್ತಾರೆ. ಲ್ಯಾಬಿನವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಈಶ್ವರಣ್ಣ ಕನ್ನಡಕವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಅಕ್ಕ ಬೈದದ್ದಕ್ಕಲ್ಲ, ಅಕ್ಕ ಹೇಳಿದ್ದು ಸರಿಯಾಗಿದ್ದಕ್ಕೆ ಅವನಿಗೆ ನೋವಾಗಿತ್ತು.

ಮರುದಿನ ಅವನು ಮೊದಲು ಮಾಡಿದ್ದು ಚಂದ್ರಕಲಾಳ ಗೋಡೆಯ ಪರೀಕ್ಷೆ. ಬಿರುಕಿನ ಧೂಳು ತೆಗೆದು, ಇದು ಹತ್ತು ವರ್ಷದ ಹಿಂದಿನದು, ಮಣ್ಣು ಕುಸಿದು ಆದದ್ದು, ಮನುಷ್ಯರ ಕೈವಾಡವಿಲ್ಲ ಎಂದು ಸಹಿ ಹಾಕಿ ಕೊಟ್ಟ. ಚಂದ್ರಕಲಾ ಮನೆ ಖಾಲಿ ಮಾಡಿಸುವ ಮಾತು ಬಿಟ್ಟಳು. ಆಮೇಲೆ ಪಂಪಾವತಿಯ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿ ಕೈಮುಗಿದ. ಆಕೆ ಬಹಳ ನೊಂದಿದ್ದಳು. ಸಿಟ್ಟಿನಲ್ಲಿ ಕಳಿಸಿಬಿಡುತ್ತಾಳೆ ಅಂದುಕೊಂಡೆ. ಏಳು ಬಂಡೆಯ ಕಥೆ ಕೇಳಿ, ಪಕ್ಕದಲ್ಲಿದ್ದ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಅವನಿಗೆ ಗ್ಯಾಸ್ ಸಿಲಿಂಡರ್ ಎತ್ತಿದರೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಆಕೆಗೆ ನಗು ತಡೆಯಲಾಗಲಿಲ್ಲ.

ಈಶ್ವರಣ್ಣ ಎಂಟು ಸಂಜೆ ಆ ಮನೆಗೆ ಹೋದ. ಒಂಬತ್ತನೆಯ ದಿನ ವರದಿಯನ್ನು ಮೊದಲು ನನಗೆ ತೋರಿಸಿದ.

“ಸ್ಯಾಂಪಲ್ ನಂ. 4, ಮರುಪರೀಕ್ಷೆ. ಹೆಸರು: ಮಾಲತೇಶ್.

ದೋಷ: ಹಾಡಲು ಬರುವುದಿಲ್ಲ, ಆದರೂ ಸ್ನಾನದ ಮನೆಯಲ್ಲಿ ಹಾಡುತ್ತಾನೆ. ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದೆ ಆಮೇಲೆ ಒದ್ದಾಡುತ್ತಾನೆ. ಓಣಿಯ ಜನ ಗೋಡೆಯ ಸುದ್ದಿ ಆಡಿದ್ದಕ್ಕೆ ಒಳಗೊಳಗೇ ಅತ್ತಿದ್ದಾನೆ. ಹಲ್ಲಿಗೆ ಹೆದರುತ್ತಾನೆ.

ಗುಣ: ಎಂಟು ಸಂಜೆಯೂ ಮನೆಗೆ ಬಂದು ತಾಯಿಯ ಮುಂದೆ ಕೂತು ಉಂಡ. ಏಳನೆಯ ಸಂಜೆ ಸಾರಿಗೆ ಉಪ್ಪಿರಲಿಲ್ಲ, ಹೇಳಲಿಲ್ಲ.

ತೇವಾಂಶ: ಬರೆಯುವವನಲ್ಲಿ ಸ್ವಲ್ಪ ಕಂಡುಬಂದಿದೆ.”

ಅವನ ಜೀವಮಾನದಲ್ಲಿ ವರದಿಗೆ ಹೆಸರು ಬರೆದದ್ದು ಇದೇ ಮೊದಲು. ಕೈ ಅತ್ತ ವಾಲಿತಲ್ಲ ಎಂದು ನಾನು ಛೇಡಿಸಿದೆ. ವಾಲಿತು, ಹೌದು ಎಂದ.

ಶೈಲಜಾ ಭಾನುವಾರ ಅಜ್ಜಿಯ ಜೊತೆ ಬಂದಳು. ಪಂಪಾವತಿಯ ಮನೆಯಲ್ಲಿ ಉಂಡು, ಮಾಲತೇಶನ ಜೊತೆ ಹಿತ್ತಲಲ್ಲಿ ಒಂದು ಗಂಟೆ ಮಾತಾಡಿ, ಒಳಗೆ ಬಂದು ವರದಿಯ ಕೆಳಗೆ ಎಡಗಡೆ, ಮಾಲು ಕೊಳ್ಳುವವರು ಸಹಿ ಹಾಕುವ ಜಾಗದಲ್ಲಿ ಸಹಿ ಹಾಕಿದಳು. ಎಲ್ಲರೂ ನಕ್ಕರು. ಪಂಪಾವತಿ ಮಾತ್ರ ಕಾಗದ ಮಡಿಸುತ್ತಾ, ನ್ಯಾಯ ಎಂದರೆ ಎರಡೂ ಕಡೆ, ಹುಡುಗಿಯದೂ ಎಂಟು ಸಂಜೆಯ ವರದಿ ಆಗಬೇಕು ಎಂದಳು.

ಈಶ್ವರಣ್ಣ ಚೀಲ ತುಂಬಿಕೊಂಡು ಕಂಪ್ಲಿಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿದ. ಸಂಜೆಯಾದರೆ ಶೈಲಜಾ ಟಿವಿಯಲ್ಲಿ ನಾಲ್ಕನೆಯ ಸೀಸನ್ ಹಾಕಿ ಕೊಡುತ್ತಿದ್ದಳಂತೆ. ನಡುವೆ ಮುದುಕಮ್ಮ, ಒಂದು ಕಡೆ ತಮ್ಮ, ಇನ್ನೊಂದು ಕಡೆ ಮರಿಸ್ವಾಮಿ, ಮೂವರ ನಡುವೆ ಒಂದು ಮೊರದ ತುಂಬ ಮಂಡಕ್ಕಿ. ಎಂಟನೆಯ ದಿನ ಎಲ್ಲ ಮುಗಿದ ಮೇಲೆ ಮುದುಕಮ್ಮ ತನ್ನ ತೀರ್ಪು ಹೇಳಿದಳು. ಬಡಿದಾಟ ಚೆನ್ನಾಗಿದೆ, ಮಾತು ಜಾಸ್ತಿಯಾಯಿತು, ಮಾಡಿದವರಿಗೆ ಕಾಗದ ಬರೆದು ಐದನೆಯದರಲ್ಲಾದರೂ ಆ ಹುಡುಗನಿಗೆ ತಾಯಿಯ ಕೈಯಿಂದ ಊಟ ಹಾಕಿಸಲು ಹೇಳು ಎಂದಳು. ಈಶ್ವರಣ್ಣ ಎಂಟು ಸಂಜೆ ಕೂತು ಪುಟ ತುಂಬ ಬರೆದು ಹೇಳಿದ್ದೂ ಇಷ್ಟೇ.

ಹುಡುಗಿಯ ವರದಿ ಪಂಪಾವತಿಯ ಕೈಗೆ ಬಂದಾಗ ನಾನು ಅಲ್ಲೇ ಇದ್ದೆ. ಬಿಚ್ಚಿ ನೋಡಿದರೆ ಒಂದೇ ಸಾಲು: ಹೆಸರು ಶೈಲಜಾ, ಒಳ್ಳೆಯ ಹುಡುಗಿ. ಎಂಟು ಸಂಜೆಗೆ ಇಷ್ಟೇನಾ ಎಂದು ಆಕೆ ಕೇಳಿದಳು. ಈಶ್ವರಣ್ಣ ಕನ್ನಡಕ ಒರೆಸುತ್ತಾ ನಿಂತಿದ್ದ.

“ಸುಳ್ಳು ಹೇಳಂಗಿಲ್ರೀ ಪಂಪಾವತಮ್ಮ,” ಎಂದ. “ಎಂಟು ಸಂಜಿಯೂ ನಾ ಹುಡುಗೀನ ನೋಡ್ಲಿಲ್ಲ. ಅಕ್ಕನ್ನ ನೋಡಿಕೊಂಡು ಕುಂತಿದ್ದೆ.”